ಗುಣುಗುಟ್ಟುವ ತಾಳ್ಮೆ

ನನ್ನ ಕ್ರೈಸ್ತ ಮಿತ್ರರೊಬ್ಬರು ತಮ್ಮ ನಡುಮನೆಯಲ್ಲಿ, ಗೋಡೆಗಡಿಯಾರದ ಕೆಳಗೆ, ಜಾನ್ ಮಿಲ್ಟನ್ನನ ಸುನೀತವೊಂದರ ‘ಬರಿದೆ ನಿಂತು ಕಾಯುವವರೂ ಸೇವೆ ಸಲ್ಲಿಸುವವರೇ’ ಎಂಬ ಕಡೆಯ ಪಂಕ್ತಿಯನ್ನು ಅಂದವಾದ ಅಕ್ಷರಗಳಲ್ಲಿ ಬರೆಯಿಸಿ, ಗಾಜು ಹಾಕಿಸಿ ತೂಗುಬಿಟ್ಟಿದ್ದರು. ದೇವರು ತನ್ನ ವೇಳೆಯಲ್ಲಿ ಎಲ್ಲವನ್ನೂ ನೆರವೇರಿಸುವನು, ಅಲ್ಲಿಯವರೆಗೆ ಸುಮ್ಮನಿರುವುದೇ ಭಕ್ತನ ಧರ್ಮವೆಂಬ ಸಮಾಧಾನ ಅವರಿಗೆ ಅದರಿಂದ ದೊರಕುತ್ತಿದ್ದಿತು. ಕಾಯಿಲೆಯವರನ್ನು ನೋಡಹೋದಾಗಲೂ ಅದನ್ನೇ ಹೇಳಿ ಬರುತ್ತಿದ್ದರು. ಅವರ ಭಕ್ತಿಯಲ್ಲಿ ನನಗೆ ಗೌರವವುಂಟು. ಆದರೆ ಹದಿಮೂರು ಪಂಕ್ತಿಗಳನ್ನು ಕಳೆದು ಹದಿನಾಲ್ಕನೆಯದೊಂದನ್ನೇ ಚೌಕಟ್ಟಿನೊಳಗೆ ಕೂಡಿಸುವುದೆಂದರೆ, ಕವಿ ಬೆಲೆ ತೆತ್ತು ಪಡೆದುದನ್ನು ನಾವು ಬಿಟ್ಟಿಯಾಗಿ ಹೊತ್ತು ತಂದಂತೆ.

ಆ ಬೆಲೆಯೇನು ಸಾಮಾನ್ಯವಾದುದಲ್ಲ. 1649ರಲ್ಲಿ ದೊರೆ ಮೊದಲನೆಯ ಚಾರ್ಲ್ಸನ ಶಿರಚ್ಛೇದವಾಗಿ ಇಂಗ್ಲೆಂಡಿನಲ್ಲಿ ಗಣರಾಜ್ಯ ಸ್ಥಾಪಿತವಾದಾಗ, ಅದರ ವಿದೇಶೀ ಪತ್ರವ್ಯವಹಾರದ ಕಾರ್ಯದರ್ಶಿಯಾಗಿ ಮಿಲ್ಟನ್ ನಿಯುಕ್ತನಾದನು. ರಾಜವಧೆಯನ್ನು ಸಮರ್ಥಿಸುವ ಲ್ಯಾಟಿನ್ ಗ್ರಂಥಕ್ಕೆ ಕೈಹಾಕಿದರೆ ಉಳಿದಿರುವ ದೃಷ್ಟಿಯೂ ಹೋದೀತೆಂದು ವೈದ್ಯರು ಎಚ್ಚರಿಸಿದರೂ ಕೇಳದೆ ಅವನು ಬರೆದನು. ಗ್ರಂಥವು 1651ರಲ್ಲಿ ಹೊರಬಂದಿತು, 1652ರಲ್ಲಿ ಕಣ್ಣು ಪೂರ್ತಿಯಾಗಿ ಹೋಯಿತು. ಅದೇ ವರ್ಷ ಹೆಂಡತಿಯೂ ಎಳೆಯ ಗಂಡುಮಗುವೂ ತೀರಿಕೊಂಡರು. ಎರಡು ವರ್ಷಗಳ ತರುವಾಯ ಫಿಲಾರಸನೆಂಬ ಗ್ರೀಕ್ ಮಿತ್ರನಿಗೆ ಬರೆದ ಪತ್ರದಲ್ಲಿ, ಮೊದಮೊದಲು ದೀಪವನ್ನು ನೋಡಿದರೆ ಅದರ ಸುತ್ತ ಕಾಮನಬಿಲ್ಲಿನಂತಹ ಬಳೆಯೊಂದು ಕಾಣುತ್ತಿದ್ದುದನ್ನೂ, ಈಗ ಕವಿದಿರುವ ಮಬ್ಬು ಕಪ್ಪಿಗಿಂತ ಬಿಳುಪಿಗೆ ಹತ್ತಿರವಾಗಿ ಬೂದಿ ಬೆರೆತಂತಿರುವುದನ್ನೂ, ಮತ್ತೊಬ್ಬನ ರೋಗವನ್ನು ವಿವರಿಸುವವನಂತೆ ಅವನು ವರ್ಣಿಸಿದ್ದಾನೆ.

ಸುನೀತ ಹುಟ್ಟಿದ್ದು ಈ ಮಬ್ಬಿನೊಳಗೆ. ಇಂದು ಅದಕ್ಕಿರುವ ಕುರುಡುತನದ ಶೀರ್ಷಿಕೆ ಕವಿಯದಲ್ಲ, 18ನೆಯ ಶತಮಾನದ ಸಂಪಾದಕನೊಬ್ಬನದು. ಕವಿತೆಯಲ್ಲಿ ಆ ಶಬ್ದವೇ ಇಲ್ಲ. ಅಲ್ಲಿರುವುದು ಜಮಾಖರ್ಚಿನ ಭಾಷೆ: ಬೆಳಕು ವೆಚ್ಚವಾದ ಬಗೆ, ಒಡೆಯನಿಗೆ ಒಪ್ಪಿಸಬೇಕಾದ ಲೆಕ್ಕ, ದಿನದ ದುಡಿಮೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಯಜಮಾನನು ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟ ಆಳಿನ ಕಥೆ ಇದರ ಹಿಂದಿದೆ. ಕನ್ನಡ ಬೈಬಲ್ಲಿನಲ್ಲಿ ಆ ಹಣಕ್ಕೆ ತಲಾಂತು ಎಂದೇ ಹೆಸರು. ನಮಗೆ ಅದು ಬರಿಯ ನಾಣ್ಯದ ಮೊತ್ತ. ಇಂಗ್ಲಿಷಿನಲ್ಲಾದರೋ ಅದೇ ಶಬ್ದವು ಪ್ರತಿಭೆಯೆಂಬ ಅರ್ಥವನ್ನೂ ತಳೆದಿರುವುದರಿಂದ, ಹೂತಿರುವುದು ಹಣವೋ ಕವಿತ್ವವೋ ಎಂಬ ಶ್ಲೇಷವು ಅಲ್ಲಿ ತಾನಾಗಿ ಒದಗುತ್ತದೆ, ಕನ್ನಡಿಸಹೊರಟವನ ಕೈಯಿಂದ ಜಾರಿಹೋಗುತ್ತದೆ. ಇನ್ನೊಂದು ಮಾತು. ಆ ಸೋಮಾರಿ ಆಳಿಗೆ ವಿಧಿಸಿದ ಶಿಕ್ಷೆ ಹೊರಗಿನ ಕತ್ತಲೆಗೆ ದೂಡಲ್ಪಡುವುದು. ಕವಿ ಆ ಶಿಕ್ಷೆಯ ಹೆಸರೆತ್ತುವುದಿಲ್ಲ. ಆದರೆ ಸುವಾರ್ತೆಯನ್ನು ಬಲ್ಲ ಓದುಗನಿಗೆ, ತಪ್ಪು ಮಾಡುವ ಮುನ್ನವೇ ದಂಡನೆಗೆ ಗುರಿಯಾದ ಆಳೊಬ್ಬನು ತನ್ನ ಮುಂದೆ ನಿಂತಿರುವನೆಂದು ಹೊಳೆಯದಿರದು. ಬೆಳಕನ್ನು ಕಿತ್ತುಕೊಂಡವನೇ ಹಗಲಿನ ಕೆಲಸವನ್ನು ಕೇಳುವನೇ? ಈ ಸಂದೇಹದಲ್ಲಿ ಭಕ್ತಿಗಿಂತ ಆಕ್ಷೇಪಣೆಯೇ ಹೆಚ್ಚು. ವಿನಯವಾಗಿ ಆಡಿದ ಮಾತ್ರಕ್ಕೆ ಆಕ್ಷೇಪಣೆ ಆಕ್ಷೇಪಣೆಯಾಗದೆ ಹೋಗುವುದಿಲ್ಲ.

ಇಟಲಿಯ ಮಾದರಿಯ ಸುನೀತದಲ್ಲಿ ಎಂಟು ಪಂಕ್ತಿಗಳು ಮುಗಿದು ಒಂಬತ್ತನೆಯದು ತೊಡಗುವಲ್ಲಿ ಭಾವದ ಹೊರಳು ಇರತಕ್ಕುದು. ಇಲ್ಲಿ ಹಾಗಿಲ್ಲ. ಎಂಟನೆಯ ಪಂಕ್ತಿ ಇನ್ನೂ ಮುಗಿಯದಿರುವಾಗಲೇ ತಾಳ್ಮೆಯೆಂಬ ದೇವತೆ ನಡುವೆ ಬಾಯಿಹಾಕುತ್ತಾಳೆ. ಗುಣುಗುಟ್ಟು ಬಲಿಯುವುದಕ್ಕೆ ಮೊದಲೇ ತಡೆಯಬೇಕೆಂಬ ಆತುರ ಅವಳಿಗೆ. ತನ್ನ ಸರದಿಯವರೆಗೆ ಕಾಯಲಾರದವಳು ತಾಳ್ಮೆಯೇ! ಇದು ಛಂದಸ್ಸಿನ ಅಜಾಗರೂಕತೆಯೆಂದು ನಾನು ನಂಬಲಾರೆ. ಮನಸ್ಸು ತನ್ನ ಬಾಯನ್ನು ತಾನೇ ಮುಚ್ಚಿಕೊಳ್ಳುವ ಬಗೆಯನ್ನು ಇಷ್ಟು ಹತ್ತಿರದಿಂದ ತೋರಿಸಿದ ಪದ್ಯವನ್ನು ನಾನು ಬೇರೆ ಕಂಡಿಲ್ಲ.

ಅವಳ ಉತ್ತರ ಎಷ್ಟರಮಟ್ಟಿಗೆ ಸಮರ್ಪಕ? ಲೆಕ್ಕ ಕೇಳುವ ಒಡೆಯನ ವಿಷಯದಲ್ಲಿ ಪ್ರಶ್ನೆ ಎದ್ದಿದ್ದರೆ, ಅವಳು ಯಾರ ದುಡಿಮೆಯೂ ಬೇಕಿಲ್ಲದ, ನೆಲ ಕಡಲುಗಳ ಮೇಲೆ ಸಾವಿರಾರು ದೂತರು ಓಡಾಡುತ್ತಿರುವ ಚಕ್ರವರ್ತಿಯ ಚಿತ್ರವನ್ನು ಬಿಡಿಸುತ್ತಾಳೆ. ತರ್ಕದ ದೃಷ್ಟಿಯಿಂದ ಇದು ಪ್ರಶ್ನೆಯಿಂದ ನುಣುಚಿಕೊಳ್ಳುವ ಉತ್ತರವೇ ಸರಿ. ದೊರೆಯ ತಲೆ ತೆಗೆದುದನ್ನು ಸಮರ್ಥಿಸಿ ಕಣ್ಣು ಕಳೆದುಕೊಂಡವನಿಗೆ ಸಮಾಧಾನವು ರಾಜಾಸ್ಥಾನದ ರೂಪದಲ್ಲಿ ಬರಬೇಕಾಯಿತೆಂಬುದಂತೂ ವಿಚಿತ್ರ. ಆದರೂ ಆ ಆಸ್ಥಾನದ ಅಂಚಿನಲ್ಲಿ ನಿಂತವನಿಗೆ ಕವಿತೆ ಕೊಡುವ ಸ್ಥಾನವನ್ನು ನಮ್ಮ ನುಡಿ ಚೆನ್ನಾಗಿ ಹಿಡಿಯಬಲ್ಲುದು. ಕಡೆಯ ಪಂಕ್ತಿಯಲ್ಲಿರುವ ಇಂಗ್ಲಿಷಿನ ‘ವೇಟ್’ ಎಂಬ ಕ್ರಿಯಾಪದಕ್ಕೆ ಎದುರುನೋಡುವುದು, ಊಳಿಗದಲ್ಲಿ ನಿಲ್ಲುವುದು ಎಂಬ ಎರಡು ಅರ್ಥಗಳುಂಟು. ನಮ್ಮ ‘ಕಾಯು’ ಅದಕ್ಕೆ ತಕ್ಕ ಜೋಡಿ. ಬಸ್ಸಿಗೆ ಕಾಯುವವನೂ ಕಾಯುತ್ತಾನೆ, ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ಹೊಲ ಕಾಯುವವನೂ ಕಾಯುತ್ತಾನೆ; ಎರಡನೆಯವನನ್ನು ಸುಮ್ಮನಿದ್ದಾನೆಂದು ಯಾರೂ ಅನ್ನುವುದಿಲ್ಲ. ತಲಾಂತಿನಲ್ಲಿ ಕಳೆದುದನ್ನು ಕನ್ನಡವು ಇಲ್ಲಿ ಬಡ್ಡಿಸಮೇತ ಗಳಿಸಿಕೊಳ್ಳುತ್ತದೆ.

23 ವರ್ಷ ತುಂಬಿದಾಗಲೂ ಮಿಲ್ಟನ್ ಇದೇ ಚಿಂತೆಯ ಸುನೀತವೊಂದನ್ನು ಬರೆದಿದ್ದನು: ವಯಸ್ಸು ಸರಿಯಿತು, ತೋರಿಸಲು ಹೂವೂ ಇಲ್ಲ. ಅಲ್ಲಿಯ ದೇವರು ಆಳಿನ ಮೇಲೆ ಕಣ್ಣಿಟ್ಟಿರುವ ಯಜಮಾನ. ತರುಣನ ವಿಶ್ವಾಸವೂ ತುಸು ಸುಲಭವಾಗಿ ಕೈಗೂಡಿದಂತೆ ತೋರುತ್ತದೆ. ಕತ್ತಲೆಯ ಸುನೀತದ ದೇವರು ಲೆಕ್ಕದ ಪುಸ್ತಕವನ್ನೇ ಮುಚ್ಚಿಟ್ಟವನು.

‘ಪ್ಯಾರಡೈಸ್ ಲಾಸ್ಟ್’ ಅಚ್ಚಾದುದು 1667ರಲ್ಲಿ, ಕಣ್ಣು ಹೋಗಿ 15 ವರ್ಷಗಳಾದ ಮೇಲೆ. ಹಸ್ತಪ್ರತಿಗೆ ಮೊದಲು ಕೈಸೇರಿದ್ದು ಐದು ಪೌಂಡು. ಶರತ್ಕಾಲದಿಂದ ವಸಂತದವರೆಗೆ ಮಾತ್ರ ಕವಿತ್ವವು ಸರಾಗವಾಗಿ ಹರಿಯುತ್ತಿದ್ದಿತೆಂದು ಅವನ ಸೋದರಳಿಯ ಬರೆದಿದ್ದಾನೆ. ರಾತ್ರಿ ಕಟ್ಟಿದ ಪಂಕ್ತಿಗಳನ್ನು ಮನಸ್ಸಿನಲ್ಲಿ ಹೊತ್ತುಕೊಂಡು, ಬೆಳಗ್ಗೆ ಲಿಪಿಕಾರನ ದಾರಿ ನೋಡುತ್ತ ಅವನು ಕುಳಿತಿರುತ್ತಿದ್ದನಂತೆ. ಬರುವವನು ತಡಮಾಡಿದರೆ, ಕೆಚ್ಚಲು ತುಂಬಿದ ಹಸುವಿನ ಹಾಗೆ, ತನ್ನನ್ನು ಕರೆಯುವವರಿಲ್ಲವೆಂದು ಗುಣುಗುಟ್ಟುತ್ತಿದ್ದನಂತೆ.