ಊರನ್ನೇ ನುಂಗಿದ ಪದ

ಕೌಂಟಿ ಕಲೆನ್ ಅವರ ‘ಇನ್ಸಿಡೆಂಟ್’ ಹನ್ನೆರಡೇ ಸಾಲಿನ ಕವಿತೆ. 1925ರಲ್ಲಿ ಬಂದ ‘ಕಲರ್’ ಸಂಕಲನದಲ್ಲಿದೆ. ಎಂಟು ವರ್ಷದ ಕಪ್ಪು ಹುಡುಗನೊಬ್ಬ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಸಂಭ್ರಮದಿಂದ ಸುತ್ತುತ್ತಿದ್ದಾನೆ. ತನ್ನನ್ನೇ ದಿಟ್ಟಿಸುತ್ತಿರುವ, ತನ್ನಷ್ಟೇ ಪುಟ್ಟ ಹುಡುಗನೊಬ್ಬನನ್ನು ಕಂಡು ನಗುತ್ತಾನೆ. ಅವನೋ ನಾಲಗೆ ಹೊರಚಾಚಿ, ಕಪ್ಪು ಜನರನ್ನು ಹೀಯಾಳಿಸುವ ಪದದಿಂದ ಇವನನ್ನು ಕರೆಯುತ್ತಾನೆ. ಮೇ ತಿಂಗಳಿನಿಂದ ಡಿಸೆಂಬರಿನವರೆಗೆ ಊರನ್ನೆಲ್ಲ ನೋಡಿದರೂ ಹುಡುಗನ ನೆನಪಿನಲ್ಲಿ ಉಳಿದದ್ದು ಅದೊಂದೇ.

ಕವಿತೆಯಲ್ಲಿ ಅಳುವಿಲ್ಲ, ಆಕ್ರೋಶವಿಲ್ಲ. ಲಯವಂತೂ ಮಕ್ಕಳು ಬಾಯಿಪಾಠ ಮಾಡುವ ಪದ್ಯದ್ದು. ಹಾಗಾದರೆ ನೋವು ಎಲ್ಲಿದೆ? ನನ್ನ ಓದಿನಲ್ಲಿ ಅದಿರುವುದು ಕವಿತೆಯಲ್ಲಿ ಇಲ್ಲದಿರುವುದರಲ್ಲಿ. ಅಷ್ಟು ತಿಂಗಳು ಒಂದು ಊರಲ್ಲಿದ್ದ ಮಗು ಬಂದರು ನೋಡಿರಬೇಕು, ಅಂಗಡಿ ಬೀದಿ ನೋಡಿರಬೇಕು, ಬೇಸಗೆ ಕಳೆದು ಚಳಿ ಬಂದದ್ದನ್ನು ನೋಡಿರಬೇಕು. ಯಾವುದೂ ಕವಿತೆಯೊಳಗೆ ಬರುವುದಿಲ್ಲ. ಹುಡುಗನಿಗೆ ದಕ್ಕದ ಊರು ಓದುಗರಾದ ನಮಗೂ ದಕ್ಕುವುದಿಲ್ಲ. ಕಲೆನ್ ನೋವನ್ನು ವರ್ಣಿಸುವುದಿಲ್ಲ. ಅದು ಏನೇನನ್ನು ಅಳಿಸಿಹಾಕಿತು ಎಂಬುದರ ಲೆಕ್ಕವನ್ನಷ್ಟೇ ಕೊಡುತ್ತಾರೆ.

ಇದಕ್ಕೆ ಆರು ವರ್ಷ ಮೊದಲು, 1919ರಲ್ಲಿ, ಅಮೆರಿಕದ ಹಲವು ನಗರಗಳಲ್ಲಿ ಕಪ್ಪು ಜನರ ಮೇಲೆ ಹಲ್ಲೆಗಳು ನಡೆದವು. ಆಗ ಜಮೈಕಾದಿಂದ ಬಂದು ರೈಲಿನ ಊಟದ ಬೋಗಿಯಲ್ಲಿ ಮಾಣಿಯಾಗಿದ್ದ ಕ್ಲಾಡ್ ಮೆಕೇ ‘ಇಫ್ ವಿ ಮಸ್ಟ್ ಡೈ’ ಬರೆದರು. ಅದು ಶೇಕ್ಸ್‌ಪಿಯರ್ ಮಾದರಿಯ ಸಾನೆಟ್. ಸಾಯಲೇಬೇಕಾದರೆ ಎದುರುನಿಂತು ಸಾಯೋಣ ಎಂಬ ಕರೆ ಅದರಲ್ಲಿದೆ, ಆದರೆ ಬಣ್ಣದ ಹೆಸರೇ ಇಲ್ಲ. ಒಡೆಯರ ಭಾಷೆಯ ಅತ್ಯಂತ ಮರ್ಯಾದಸ್ಥ ಛಂದಸ್ಸಿನೊಳಗೆ ನಿಂತು ಮೆಕೇ ತಮ್ಮವರ ಮರ್ಯಾದೆಯನ್ನು ಕೇಳುತ್ತಾರೆ. ಆ ಬಿಗಿಯಾದ ಹದಿನಾಲ್ಕು ಸಾಲುಗಳಲ್ಲಿ ಸಿಟ್ಟು ಚದುರುವುದಿಲ್ಲ, ಗಟ್ಟಿಯಾಗುತ್ತದೆ.

ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ದಾರಿ ಬೇರೆ. ‘ದ ವೇರಿ ಬ್ಲೂಸ್’ನಲ್ಲಿ ಪಿಯಾನೊ ನುಡಿಸುವವನ ಹಾಡು ಅವನ ಆಡುಮಾತಿನಲ್ಲೇ ಕವಿತೆಯೊಳಗೆ ಬಂದು ಕೂರುತ್ತದೆ. ತಾನು ಕವಿ ಎನಿಸಿಕೊಳ್ಳಬೇಕು, ನೀಗ್ರೋ ಕವಿ ಎಂದಲ್ಲ ಎಂದ ಯುವಕವಿಯೊಬ್ಬನನ್ನು ಹ್ಯೂಸ್ 1926ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಹೆಸರು ಹೇಳದೆ ಟೀಕಿಸಿದರು. ಆ ಕವಿ ಕಲೆನ್ ಎಂದೇ ವಿಮರ್ಶಕರು ಸಾಮಾನ್ಯವಾಗಿ ಗುರುತಿಸುತ್ತಾರೆ. ಆ ಮಾತಿನಲ್ಲಿ ಹ್ಯೂಸ್‌ಗೆ ಕಂಡದ್ದು ಬಿಳಿಯರಂತಾಗುವ ಆಸೆ. ಆ ಟೀಕೆಯಲ್ಲಿ ಸತ್ಯವಿದೆ. ಆದರೆ ‘ಇನ್ಸಿಡೆಂಟ್’ ಓದಿದ ಮೇಲೆ ಕಲೆನ್ ಅವರ ಹಿಂಜರಿಕೆಯೂ ನನಗೆ ಅರ್ಥವಾಗುತ್ತದೆ. ಒಂದು ಪದ ಇಡೀ ಊರನ್ನು ನುಂಗಬಲ್ಲದು ಎಂದು ಬಲ್ಲವರು ತಮ್ಮ ಕಾವ್ಯಕ್ಕೆ ಹಣೆಪಟ್ಟಿ ಬೀಳುವುದನ್ನು ಹೇಗೆ ಒಪ್ಪಿಯಾರು?

ಕನ್ನಡದಲ್ಲಿ ಈ ಪ್ರಶ್ನೆ ದೂರದ್ದಲ್ಲ. ಜಾತಿ ಮತ್ತು ಜನಾಂಗ ಒಂದೇ ಅಲ್ಲ, ನಿಜ. ಆದರೆ 1972ರಲ್ಲಿ ಮಹಾರಾಷ್ಟ್ರದ ದಲಿತ ಯುವಕರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದ ಹೆಸರು ಪಡೆದು ‘ದಲಿತ ಪ್ಯಾಂಥರ್ಸ್’ ಕಟ್ಟಿದಾಗ ಎರಡೂ ನೋವುಗಳು ಒಂದನ್ನೊಂದು ಗುರುತಿಸಿದ್ದವು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಬೈಗುಳವಾಗಿ ಎಸೆಯಲಾಗುತ್ತಿದ್ದ ಹೆಸರುಗಳನ್ನೇ ಎತ್ತಿಕೊಂಡು ಅವರು ಪಕ್ಕದಲ್ಲಿ ‘ಹಾಡು’ ಎಂದು ಬರೆದರು. ಕಲೆನ್ ಅವರ ಹುಡುಗನ ಬಾಯಿ ಕಟ್ಟಿಸಿದಂಥ ಪದಗಳು ಇಲ್ಲಿ ಪುಸ್ತಕದ ಮುಖಪುಟದಲ್ಲಿ ತಲೆಯೆತ್ತಿ ನಿಂತವು.

ಇಂಥ ಕಾವ್ಯವನ್ನು ನಮ್ಮ ವಿಚಾರಸಂಕಿರಣಗಳಲ್ಲಿ ‘ನೋವಿನ ದನಿ’, ‘ಆಕ್ರೋಶದ ಕಾವ್ಯ’ ಎಂದು ಕರೆದು ಮುಗಿಸುವುದನ್ನು ಮತ್ತೆ ಮತ್ತೆ ಕೇಳಿದ್ದೇನೆ. ಗೌರವದಿಂದಲೇ ಹೇಳುತ್ತಾರೆ. ಆದರೆ ಮಾತು ಅಲ್ಲಿಗೆ ನಿಂತರೆ ಲಯ, ಛಂದಸ್ಸು, ನಗೆ, ಕವಿ ಬೇಕೆಂದೇ ಬಿಟ್ಟ ಜಾಗ, ಎಲ್ಲವೂ ಆ ಹಣೆಪಟ್ಟಿಯಡಿ ಮರೆಯಾಗುತ್ತವೆ. ನೋವನ್ನು ಅನುಭವಿಸಿದವರು ಅದನ್ನು ಹೇಗೆ ಕಟ್ಟಿದರು ಎಂದು ಕೇಳದೆ, ಅನುಭವಿಸಿದರು ಎಂಬುದನ್ನಷ್ಟೇ ನೆನಪಿಟ್ಟುಕೊಂಡರೆ ಅವರನ್ನು ಕವಿಗಳೆಂದು ನಾವು ಇನ್ನೂ ಒಪ್ಪಿಲ್ಲವೆಂದೇ ಅರ್ಥ.