ಕಾಣದ ಎರಡನೆಯ ವಿಮಾನ

ಅಮೆರಿಕದ ನೌಕಾಪಡೆಯ ಪೈಲಟ್ ಆಗಿದ್ದ ರಾಬರ್ಟ್ ಎಲ್. ಷಾ ಅವರ ‘ಫೈಟರ್ ಕಾಂಬ್ಯಾಟ್’ (1985) ಆಕಾಶದ ಕಾದಾಟವನ್ನು ಭೌತಶಾಸ್ತ್ರದ ನೆಲೆಯಲ್ಲಿ ವಿವರಿಸುವ ಗ್ರಂಥ. ಎತ್ತರ ಪ್ರಚ್ಛನ್ನ ಶಕ್ತಿಯಾದರೆ ವೇಗ ಚಲನ ಶಕ್ತಿ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬಹುದು. ಬಿಗಿಯಾಗಿ ತಿರುಗಿದಾಗ ಗಾಳಿಯ ತಡೆ ಹೆಚ್ಚಿ ಒಟ್ಟು ಶಕ್ತಿಯೇ ಕುಗ್ಗುತ್ತದೆ. ಎದುರಾಳಿ ಒಬ್ಬನೇ ಆದಾಗ ಈ ಲೆಕ್ಕ ಬಹುಮಟ್ಟಿಗೆ ಸಾಕು.

ಎದುರಾಳಿಗಳು ಹಲವರಾದರೆ? ಸೆಕೆಂಡಿಗೆ 200 ಮೀಟರ್ ವೇಗದ ವಿಮಾನ, ತೂಕದ 5 ಪಟ್ಟು ಎತ್ತುವ ಬಲದೊಂದಿಗೆ ಸಮತಲದಲ್ಲಿ ತಿರುಗುತ್ತಿದೆ ಎನ್ನೋಣ. ಪಥದ ತ್ರಿಜ್ಯ ಸುಮಾರು 830 ಮೀಟರ್. ಒಂದು ಸುತ್ತಿಗೆ 26 ಸೆಕೆಂಡು. ಅಷ್ಟರಲ್ಲಿ ಸೆಕೆಂಡಿಗೆ 300 ಮೀಟರ್ ವೇಗದ ಇನ್ನೊಂದು ವಿಮಾನ 7.8 ಕಿ.ಮೀ. ಕ್ರಮಿಸಿರುತ್ತದೆ. ಮೊದಲನೆಯವನನ್ನೇ ದಿಟ್ಟಿಸುತ್ತಿದ್ದ ಪೈಲಟ್‌ಗೆ ಅದು ಬಂದದ್ದೇ ತಿಳಿಯದೆ ಹೋಗಬಹುದು.

ಹಲವರ ನಡುವೆ ಒಬ್ಬನೊಡನೆಯೇ ಸುತ್ತುತ್ತಿರುವುದು ಅಪಾಯವೆಂದು ಷಾ ಎಚ್ಚರಿಸುತ್ತಾರೆ, ನಿಜ. ಆದರೆ ಅವರ ಚಿತ್ರಗಳು ಹೊರಗೆ ನಿಂತು ನೋಡಿದಂತಿವೆ. ಓದುಗನಿಗೆ ಎಲ್ಲ ವಿಮಾನಗಳೂ ಕಾಣುತ್ತವೆ; ಪೈಲಟ್‌ಗೆ ಕಾಣುವುದಿಲ್ಲ. ಮೀಕಾ ಎಂಡ್ಸ್ಲಿ ಅವರು 1995ರ ಪ್ರಬಂಧದಲ್ಲಿ ಸನ್ನಿವೇಶದ ಅರಿವಿಗೆ ಮೂರು ಹಂತಗಳನ್ನು ಹೇಳಿದರು: ಗ್ರಹಿಸುವುದು, ಅರ್ಥ ಮಾಡಿಕೊಳ್ಳುವುದು, ಮುಂದಾಗುವುದನ್ನು ಊಹಿಸುವುದು. ಷಾ ಅವರ ಚಿತ್ರಗಳು ಮೊದಲ ಹಂತ ಮುಗಿದಿದೆ ಎಂದುಕೊಂಡೇ ಆರಂಭವಾಗುತ್ತವೆ. ಪೈಲಟ್ ಜೀವ ಕಳೆದುಕೊಳ್ಳುವುದು ಬಹಳ ಸಲ ಆ ಹಂತದಲ್ಲಿಯೇ.

ವೃತ್ತೀಯ ಚಲನೆಯನ್ನು ಬೋಧಿಸುವ ಅಧ್ಯಾಪಕರಿಗೆ ಈ ಗ್ರಂಥ ಉಪಯುಕ್ತ. ಆದರೆ ಇಂಥ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದಾಗ ಒಂದು ವಿಮಾನವನ್ನು ಅಳಿಸಿ, ಪೈಲಟ್ ಈಗೇನು ಮಾಡಬೇಕೆಂದು ವಿದ್ಯಾರ್ಥಿಗಳನ್ನು ಕೇಳುವುದು ಒಳ್ಳೆಯದು.