90 ಮಿಲಿ ನೀರಿನ ತೀರ್ಪು

ಊಟದ ನಡುವೆ ನೆತ್ತಿಗೆ ಹತ್ತಿದರೆ ‘ಯಾರೋ ನೆನೆಸಿಕೊಂಡರು’ ಎಂದು ತಲೆ ತಟ್ಟುವುದು ನಮ್ಮಲ್ಲಿ ರೂಢಿ. ಲಕ್ವ ಹೊಡೆದವರಿಗೆ ದಿನಕ್ಕೆ ನಾಲ್ಕು ಸಲ ಹಾಗಾದರೆ ನೋಡಬೇಕಾದದ್ದು ಗಂಟಲನ್ನು. ಆ ನೋಟಕ್ಕೆ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಅಗ್ಗದ ಉಪಾಯ ನೀರಿನ ಪರೀಕ್ಷೆ.

1992ರಲ್ಲಿ ಡಿಪಿಪ್ಪೋ ಮತ್ತು ಸಂಗಡಿಗರು ಇದನ್ನು ಪಾರ್ಶ್ವವಾಯು ರೋಗಿಗಳ ಮೇಲೆ ಮಾಡಿ ಪ್ರಕಟಿಸಿದರು. ರೋಗಿ 90 ಮಿಲಿ ನೀರನ್ನು ನಿಲ್ಲಿಸದೆ ಕುಡಿಯಬೇಕು. ಕುಡಿಯುವಾಗಲೋ ಅದಾದ ಒಂದು ನಿಮಿಷದೊಳಗೋ ಕೆಮ್ಮಿದರೆ, ದನಿ ಗೊರಗೊರ ಎಂದರೆ ಫೇಲು.

ಇದರ ಗುಣ ದೊಡ್ಡದು. 2008ರಲ್ಲಿ ಸುಯ್ಟರ್ ಮತ್ತು ಲೆಡರ್ 3,000 ರೋಗಿಗಳಲ್ಲಿ ಇದನ್ನು ಮೂಗಿನ ಮೂಲಕ ಇಳಿಸುವ ಕ್ಯಾಮೆರಾದ ನೋಟದೊಂದಿಗೆ ಹೋಲಿಸಿದರು. ಶ್ವಾಸನಾಳಕ್ಕೆ ದ್ರವ ಜಾರುತ್ತಿದ್ದವರಲ್ಲಿ ಶೇ 96.5 ಮಂದಿ ಸಿಕ್ಕಿಬಿದ್ದರು. ನೀರಿನ ಪ್ರಮಾಣಕ್ಕೂ ಇಲ್ಲಿ ಅರ್ಥವಿದೆ. ಮನೆಯಲ್ಲಿ ನಾವು ಒಂದು ಚಮಚ ನೀರು ಹಾಕಿ, ಕೆಮ್ಮಲಿಲ್ಲವೆಂದು ನಿರಾಳವಾಗುತ್ತೇವೆ. ಗಂಟಲಿನ ಸಂವೇದನೆ ಮಂಕಾದವರಲ್ಲಿ ಅಷ್ಟು ಕಡಿಮೆ ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯಬಹುದು. ಮುಂದೆ ಬರುವ ನ್ಯುಮೋನಿಯಾವೇ ಮೊದಲ ಸುಳಿವಾಗುತ್ತದೆ.

ದೋಷವೂ ಅದೇ ಅಧ್ಯಯನದಲ್ಲಿದೆ. ದ್ರವ ಜಾರದವರಲ್ಲೂ ಶೇ 51.3 ಮಂದಿ ಫೇಲಾದರು. ಒಂದು ಕಲ್ಲನ್ನೂ ಬಿಡಬಾರದೆಂದು ಕೇರುವ ಮೊರ ಅರ್ಧ ಅಕ್ಕಿಯನ್ನೂ ಆಚೆ ಚೆಲ್ಲಿದಂತೆ. ಮೊರದ ತಪ್ಪು ಇದರಲ್ಲಿ ಕಡಿಮೆ. ಚೆಲ್ಲಿದ್ದೆಲ್ಲ ಕಲ್ಲೇ ಎಂದುಕೊಳ್ಳುವವರ ತಪ್ಪು ಹೆಚ್ಚು. ಫೇಲಾದ ಕೂಡಲೇ ಮೂಗಿಗೆ ನಳಿಕೆ, ಇಲ್ಲವೇ ಎಲ್ಲವನ್ನೂ ಗಟ್ಟಿ ಗಂಜಿ ಮಾಡಿ ಕೊಡುವ ಸಲಹೆ ಸಿಗುತ್ತದೆ. ರುಚಿಯಿಲ್ಲದ ಆ ಗಂಜಿಯನ್ನು ರೋಗಿ ದೂರ ತಳ್ಳುತ್ತಾರೆ, ಮೈಯ ನೀರು ಇಳಿಯುತ್ತದೆ. ಫೇಲಾದವರಲ್ಲಿ ದ್ರವ ನಿಜಕ್ಕೂ ಜಾರುತ್ತಿದೆಯೇ ಎಂದು ತಿಳಿಯಲು ಬೇರಿಯಂ ಕುಡಿಸಿ ಎಕ್ಸ್‌-ರೇಯಲ್ಲಿ ನುಂಗುವುದನ್ನು ನೋಡಬಹುದು. 1988ರಲ್ಲಿ ಸೂಸನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು ವಿವರಿಸಿದ ಕ್ಯಾಮೆರಾ ವಿಧಾನವೂ ಇದೆ. ಆದರೆ ಅಲ್ಲಿಯವರೆಗೆ ಹೋಗುವ ರೋಗಿಗಳು ಕಡಿಮೆ.

ಇನ್ನೊಂದು ಮಿತಿಯೂ ಇದೆ: ಈ ಪರೀಕ್ಷೆ ಎದೆಯ ಹಿಂದಿನ ಅನ್ನನಾಳದ ಬಗ್ಗೆ ಏನೂ ಹೇಳುವುದಿಲ್ಲ. ಅಲ್ಲಿಗೆ ಬೇಕಾದದ್ದು ಒಂದು ಪ್ರಶ್ನೆ: ಮೊದಲು ಸಿಕ್ಕಿಕೊಂಡದ್ದು ರೊಟ್ಟಿಯೋ, ನೀರೋ? ಮೊದಲು ರೊಟ್ಟಿ, ಕೆಲವು ವಾರಗಳಲ್ಲಿ ಅನ್ನ, ಆಮೇಲೆ ಗಂಜಿ ಎಂದು ಕ್ರಮವಾಗಿ ಬಿಗಿಯುತ್ತ ಹೋದರೆ ದಾರಿ ಕಿರಿದಾಗುತ್ತಿದೆ. ಜೊತೆಗೆ ತೂಕ ಇಳಿದರೆ ಕ್ಯಾನ್ಸರಿನ ಶಂಕೆಯಿಂದ ತಡವಿಲ್ಲದೆ ಎಂಡೋಸ್ಕೋಪಿ ಆಗಬೇಕು. ಮೊದಲಿನಿಂದಲೂ ಎರಡೂ ಸಿಕ್ಕಿಕೊಂಡರೆ ಅನ್ನನಾಳದ ಸ್ನಾಯುಗಳ ಚಲನೆ ಕೆಟ್ಟಿರುವ ಸಂಭವ ಹೆಚ್ಚು.

ಹಾಗಾಗಿ ನೀರಿನ ಪರೀಕ್ಷೆ ಇರಲಿ. ತರಬೇತಿ ಇದ್ದವರು, ಎಚ್ಚರವಾಗಿ ಕೂರಬಲ್ಲ ರೋಗಿಗೆ ಮಾತ್ರ ಮಾಡಲಿ. ಮೊರದಾಚೆ ಬಿದ್ದದ್ದನ್ನು ಮತ್ತೊಮ್ಮೆ ಆರಿಸದೆ ಮಾತ್ರ ಯಾರ ಅನ್ನವನ್ನೂ ನಿಲ್ಲಿಸಬಾರದು.